ಚರ್ಮದ ಕ್ಯಾನ್ಸರ್‌ಗೆ ಸೂಕ್ಷ್ಮಜೀವಿಗಳ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ದೊಡ್ಡಪ್ಪನಿಗೆ ಹಿಮ್ಮಡಿಯಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಆಗಿತ್ತು. ಅವತ್ತಿನಿಂದ ಈ ಕಾಯಿಲೆಯ ಬಗ್ಗೆ ಏನು ಕಂಡರೂ ಬಿಡದೆ ಓದುತ್ತಾ ಬಂದಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೂ "ವೈರಸ್ ಚುಚ್ಚಿ ಕ್ಯಾನ್ಸರ್ ವಾಸಿ ಮಾಡ್ತಾರಂತೆ" ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಬಂದಾಗಲೆಲ್ಲ ನೆಂಟರು, ಗೆಳೆಯರು ನನ್ನನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ವೈರಸ್ ಚುಚ್ಚಿ ಚರ್ಮದ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡೋದು ನಿಜಾನಾ?

ನಿಜ. ಔಷಧದ ಹೆಸರು ಟಾಲಿಮೋಜೀನ್ ಲಾಹರ್‌ಪರೆಪ್‌ವೆಕ್. ಬಾಯಲ್ಲಿ ಹೊರಳುವುದಿಲ್ಲ ಅಂತ ಡಾಕ್ಟರುಗಳೂ ಟಿ-ವೆಕ್ ಅಂತಲೇ ಕರೆಯುತ್ತಾರೆ. ಮಾರಾಟದ ಹೆಸರು ಇಮ್ಲಿಜಿಕ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರ ಅಕ್ಟೋಬರ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಯುರೋಪ್ ಕೂಡ ಒಪ್ಪಿತು. ಕ್ಯಾನ್ಸರ್ ಕೊಲ್ಲುವ ವೈರಸ್ಸೊಂದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಅದೇ ಮೊದಲು.

ಆದರೆ ಇದು ಎಲ್ಲಾ ಚರ್ಮದ ಕ್ಯಾನ್ಸರ್‌ಗೂ ಅಲ್ಲ. ಮೆಲನೋಮಾಗೆ ಮಾತ್ರ. ಅದರಲ್ಲೂ ಒಮ್ಮೆ ಆಪರೇಷನ್ ಆಗಿ, ಮತ್ತೆ ಮರುಕಳಿಸಿ, ಕತ್ತರಿಸಿ ತೆಗೆಯಲು ಆಗದಂತೆ ಚರ್ಮದಲ್ಲಿ, ಚರ್ಮದ ಕೆಳಗೆ ಅಥವಾ ಕಂಕುಳು, ತೊಡೆ ಸಂದಿಯಂಥ ಕಡೆ ಇರುವ ದುಗ್ಧಗ್ರಂಥಿಯಲ್ಲಿ (ಲಿಂಫ್ ನೋಡ್) ಗಂಟುಗಳಾಗಿ ಉಳಿದುಕೊಂಡಿದ್ದರೆ ಮಾತ್ರ.

ಅದು ಯಾವ ವೈರಸ್? ಸರ್ಪಸುತ್ತಿನದಾ?

ಅಲ್ಲ, ಆದರೆ ಅದೇ ಕುಟುಂಬದ್ದು. ಜ್ವರ ಬಂದು ಬಿಟ್ಟ ಮೇಲೆ ತುಟಿಯ ಅಂಚಿನಲ್ಲಿ ಸಣ್ಣ ಸಣ್ಣ ನೀರುಗುಳ್ಳೆ ಏಳುತ್ತವಲ್ಲ, ಉರಿಯುತ್ತವೆ, ಆಮೇಲೆ ಹಕ್ಕಳೆ ಕಟ್ಟಿ ಉದುರುತ್ತವೆ. ಆ ಗುಳ್ಳೆ ತರುವ ಹರ್ಪಿಸ್ ಸಿಂಪ್ಲೆಕ್ಸ್ ಒಂದನೇ ಬಗೆಯ ವೈರಸ್ ಇದು. ಟಿ-ವೆಕ್‌ನ ಮೂಲ ವೈರಸ್ಸನ್ನು ತೆಗೆದದ್ದೂ ಅಂಥ ತುಟಿ ಗುಳ್ಳೆಯೊಂದರಿಂದಲೇ. ಇಂಗ್ಲೆಂಡಿನ ಬಯೋವೆಕ್ಸ್ ಎಂಬ ಸಣ್ಣ ಕಂಪನಿ ಅದನ್ನು ಬದಲಾಯಿಸಿ ಔಷಧ ಮಾಡಿತು. 2011ರಲ್ಲಿ ಅಮೆರಿಕದ ಔಷಧ ಕಂಪನಿ ಆಮ್ಜೆನ್ ಅದನ್ನು ಕೊಂಡುಕೊಂಡಿತು.

ರೋಗ ತರುವ ವೈರಸ್ ಔಷಧ ಆಗೋದು ಹೇಗೆ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿದೆ.

ಒಂದು ಆರೋಗ್ಯವಂತ ಜೀವಕೋಶದೊಳಗೆ ವೈರಸ್ ನುಗ್ಗಿದರೆ, ಆ ಕೋಶ ತನ್ನ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸಿಬಿಡುತ್ತದೆ. ಒಲೆ ಆರಿಸಿದ ಮನೆಯಲ್ಲಿ ಕಳ್ಳ ಅಡುಗೆ ಮಾಡಿಕೊಳ್ಳಲು ಆಗುವುದಿಲ್ಲ, ಅಲ್ವಾ? ಹರ್ಪಿಸ್ ವೈರಸ್ ಹತ್ತಿರ ಈ ಒಲೆಯನ್ನು ಮತ್ತೆ ಹೊತ್ತಿಸುವ ಒಂದು ಜೀನ್ ಇದೆ. ವಿಜ್ಞಾನಿಗಳು ಆ ಜೀನನ್ನು ಕಿತ್ತುಹಾಕಿದರು. ಹಾಗಾಗಿ ಒಳ್ಳೆಯ ಕೋಶದಲ್ಲಿ ಈ ವೈರಸ್ ಬೆಳೆಯಲಾರದು. ಕ್ಯಾನ್ಸರ್ ಕೋಶದಲ್ಲಿ ಈ ಕಾವಲು ಮೊದಲೇ ಕೆಟ್ಟಿರುತ್ತದೆ, ಒಲೆ ಸದಾ ಉರಿಯುತ್ತಲೇ ಇರುತ್ತದೆ. ಅಲ್ಲಿ ಮಾತ್ರ ವೈರಸ್ ಬೆಳೆದು, ಸಾವಿರಗಟ್ಟಲೆ ಆಗಿ, ಕೋಶವನ್ನು ಒಡೆದು ಹೊರಬರುತ್ತದೆ.

ಇನ್ನೊಂದು ಜೀನನ್ನೂ ತೆಗೆದರು. ಸೋಂಕು ತಗುಲಿದ ಕೋಶ ರೋಗನಿರೋಧಕ ಪಡೆಯ ಕಣ್ಣಿಗೆ ಬೀಳದಂತೆ ಮರೆಮಾಡುವ ಜೀನ್ ಅದು. ಆಮೇಲೆ ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನ್ ತಯಾರಿಸುವ ಮನುಷ್ಯರ ಜೀನನ್ನು ಹೊಸದಾಗಿ ಸೇರಿಸಿದರು. ಈ ಪ್ರೋಟೀನ್ ರೋಗನಿರೋಧಕ ಕೋಶಗಳನ್ನು ಆ ಜಾಗಕ್ಕೆ ಕೂಗಿ ಕರೆಯುತ್ತದೆ.

ಕ್ಯಾನ್ಸರ್ ನಮ್ಮ ಮನೆಯೊಳಗೇ ಹುಟ್ಟಿದ್ದು. ಹೊರಗಿನವರನ್ನು ಹಿಡಿಯುವ ಕಾವಲುಗಾರ ಅದನ್ನು ಮನೆಯವನೇ ಅಂದುಕೊಂಡು ಸುಮ್ನೆ ಇರುತ್ತಾನೆ. ವೈರಸ್ ಆ ಕೋಶಗಳನ್ನು ಒಡೆದಾಗ ಒಳಗಿದ್ದದ್ದೆಲ್ಲ ಹೊರಗೆ ಚೆಲ್ಲುತ್ತದೆ, ಗಲಾಟೆ ಎದ್ದು ಕಾವಲುಗಾರ ಓಡಿ ಬರುತ್ತಾನೆ, ಚೆಲ್ಲಿದ್ದನ್ನು ನೋಡಿ ಕ್ಯಾನ್ಸರ್‌ನ ಗುರುತು ಹಿಡಿಯಲು ಕಲಿಯುತ್ತಾನೆ. ನಾನು ಎಲ್ಲರಿಗೂ ಒತ್ತಿ ಹೇಳುವುದು ಇದನ್ನೇ. ಸೂಕ್ಷ್ಮಜೀವಿ ಕ್ಯಾನ್ಸರನ್ನು ತಿಂದು ಮುಗಿಸುವುದಿಲ್ಲ. ಅದು ನಮ್ಮ ಮೈಯನ್ನು ಎಚ್ಚರಿಸುತ್ತದೆ, ದೊಡ್ಡ ಕೆಲಸವನ್ನು ಮೈಯೇ ಮಾಡಬೇಕು.

ಅದನ್ನು ಕೊಡೋದು ಹೇಗೆ? ಡ್ರಿಪ್ ಹಾಕ್ತಾರಾ?

ಇಲ್ಲ. ನೇರವಾಗಿ ಗಂಟಿಗೇ ಸೂಜಿ ಚುಚ್ಚುತ್ತಾರೆ. ಔಷಧವನ್ನು ಮೈನಸ್ 70ರಿಂದ ಮೈನಸ್ 90 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಇಟ್ಟಿರುತ್ತಾರೆ. ಬೇಕಾದಾಗ ಹೊರತೆಗೆದು ಕರಗಿಸಿಕೊಳ್ಳಬೇಕು. ಸೂಜಿಯನ್ನು ಒಂದೇ ಕಡೆ ಒಳಗೆ ಬಿಟ್ಟು, ಪೂರ್ತಿ ಹೊರಗೆಳೆಯದೆ, ಅತ್ತ ಇತ್ತ ತಿರುಗಿಸಿ ಗಂಟಿನ ಒಳಗೆಲ್ಲ ಹರಡುವಂತೆ ಚುಚ್ಚುತ್ತಾರೆ. ಒಂದು ಸಲಕ್ಕೆ ಎಲ್ಲಾ ಗಂಟುಗಳಿಗೂ ಸೇರಿ 4 ಮಿಲಿ ಮೀರುವಂತಿಲ್ಲ.

ಮೊದಲ ಸಲ ಕಡಿಮೆ ಶಕ್ತಿಯ ಡೋಸ್. ಈ ವೈರಸ್ಸನ್ನು ಹಿಂದೆ ಕಾಣದವರ ಮೈ ಅದಕ್ಕೆ ಒಗ್ಗಿಕೊಳ್ಳಲಿ ಅಂತ ಹೀಗೆ ಮಾಡುತ್ತಾರೆ. ಮೂರು ವಾರ ಬಿಟ್ಟು ಅದರ ನೂರು ಪಟ್ಟು ಶಕ್ತಿಯದು, ಆಮೇಲೆ ಎರಡು ವಾರಕ್ಕೊಮ್ಮೆ, ಕನಿಷ್ಠ ಆರು ತಿಂಗಳು. ನಡುವೆ ಗಂಟು ಊದಿಕೊಂಡು ದೊಡ್ಡದಾಗಬಹುದು, ಹೊಸದೊಂದು ಕಾಣಿಸಲೂಬಹುದು. ಅಷ್ಟಕ್ಕೇ ಔಷಧ ನಾಟಲಿಲ್ಲ ಅಂತ ಬಿಟ್ಟುಬಿಡಬಾರದು. ಆಮೇಲೆ ಇಳಿದ ಉದಾಹರಣೆಗಳು ಬೇಕಾದಷ್ಟಿವೆ.

ಚುಚ್ಚಿದ ಜಾಗವನ್ನು ಗಾಳಿಯಾಡದ ಪಟ್ಟಿಯಿಂದ ಕನಿಷ್ಠ ಒಂದು ವಾರ ಮುಚ್ಚಿಡಬೇಕು. ಒಳಗಿರುವುದು ಜೀವಂತ ವೈರಸ್, ಅದನ್ನು ಮರೆಯುವಂತಿಲ್ಲ. ಪಟ್ಟಿ ಬದಲಾಯಿಸುವ ಮನೆಯವರು ಕೈಗವಸು ಹಾಕಿಕೊಳ್ಳಬೇಕು, ತೆಗೆದ ಪಟ್ಟಿಯನ್ನು ಬೇರೆ ಚೀಲಕ್ಕೆ ಹಾಕಿ ಕಟ್ಟಬೇಕು.

ಅಡ್ಡ ಪರಿಣಾಮ?

ಕೀಮೋಥೆರಪಿಯಷ್ಟು ಕಠಿಣವಲ್ಲ. ಚಳಿ ಜ್ವರ, ಸುಸ್ತು, ವಾಕರಿಕೆ, ಚುಚ್ಚಿದ ಕಡೆ ನೋವು. ಫ್ಲೂ ಬಂದ ಹಾಗೆ ಇರುತ್ತದೆ. ರೋಗನಿರೋಧಕ ಶಕ್ತಿ ತೀರಾ ಕುಂದಿರುವವರಿಗೆ ಮತ್ತು ಗರ್ಭಿಣಿಯರಿಗೆ ಕೊಡುವುದಿಲ್ಲ. ವೈರಸ್ ಬೇರೆ ಕಡೆ ಹಬ್ಬಿದರೆ ಅಸೈಕ್ಲೋವಿರ್ ಮಾತ್ರೆ ಅದನ್ನು ತಡೆಯುತ್ತದೆ. ಆ ಮಾತ್ರೆಗೆ ಬಗ್ಗುವ ಗುಣವನ್ನು ವೈರಸ್‌ನಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ.

ಎಷ್ಟು ಜನಕ್ಕೆ ಫಲ ಕೊಡುತ್ತೆ? ನಿಜ ಹೇಳಿ.

436 ಜನರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಕೆಲವರಿಗೆ ಟಿ-ವೆಕ್, ಉಳಿದವರಿಗೆ ಜಿಎಂ-ಸಿಎಸ್‌ಎಫ್ ಪ್ರೋಟೀನ್ ಮಾತ್ರ. ಗಡ್ಡೆ ಕುಗ್ಗಿ, ಆರು ತಿಂಗಳೋ ಅದಕ್ಕಿಂತ ಜಾಸ್ತಿಯೋ ಹಾಗೇ ಉಳಿದದ್ದು ಟಿ-ವೆಕ್ ಪಡೆದವರಲ್ಲಿ ಶೇ. 16.3, ಇನ್ನೊಂದು ಗುಂಪಿನಲ್ಲಿ ಶೇ. 2.1. ಬದುಕಿದ ಕಾಲದ ಮಧ್ಯಮ ಲೆಕ್ಕ 23.3 ತಿಂಗಳು ಮತ್ತು 18.9 ತಿಂಗಳು. ಈ ಎರಡನೇ ವ್ಯತ್ಯಾಸ ಆಕಸ್ಮಿಕ ಅಲ್ಲ ಅಂತ ಹೇಳಲು ಬೇಕಾದ ಸಂಖ್ಯಾಶಾಸ್ತ್ರದ ಗೆರೆಯನ್ನು ಕೂದಲೆಳೆಯಷ್ಟರಲ್ಲಿ ಮುಟ್ಟದೆ ಹೋಯಿತು.

ಶೇ. 16 ಅಂದರೆ ಆರು ಜನರಲ್ಲಿ ಒಬ್ಬರು. ಪವಾಡ ಅನ್ನುವವರು ಈ ಸಂಖ್ಯೆ ನೋಡಲಿ. ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ಲೆಕ್ಕ. ಸೂಜಿ ಚುಚ್ಚಿದ ಗಂಟುಗಳಲ್ಲಿ ಶೇ. 64ರಷ್ಟು ಅರ್ಧಕ್ಕೂ ಕೆಳಗೆ ಇಳಿದವು. ಸೂಜಿಯೇ ಮುಟ್ಟದ, ಚರ್ಮ ಮತ್ತು ದುಗ್ಧಗ್ರಂಥಿಗಳಂಥ ಕಡೆಯ ಗಂಟುಗಳಲ್ಲೂ ಸುಮಾರು ಮೂರನೇ ಒಂದು ಭಾಗ ಅಷ್ಟೇ ಇಳಿದವು. ಶ್ವಾಸಕೋಶ, ಯಕೃತ್ತಿನಂಥ ಒಳ ಅಂಗಗಳಲ್ಲಿ ಮಾತ್ರ ಶೇ. 15. ಕಾಲಿನ ಗಂಟಿಗೆ ಚುಚ್ಚಿದರೆ ತೊಡೆಯ ಗಂಟೂ ಕರಗಿದೆ ಅಂದರೆ ಮೈ ಎಚ್ಚೆತ್ತಿದೆ ಅಂತಲೇ ಅರ್ಥ.

ಆಮೇಲೆ ಟಿ-ವೆಕ್ ಜೊತೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ, ಅಂದರೆ ನಮ್ಮ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧ, ಸೇರಿಸಿ 692 ಜನರಲ್ಲಿ ಪರೀಕ್ಷಿಸಿದರು. ಎರಡೂ ಸೇರಿದರೆ ಇನ್ನೂ ಚೆನ್ನಾಗಿರುತ್ತೆ ಅಂತ ಎಲ್ಲರಿಗೂ ಆಸೆ ಇತ್ತು. ಆಯಸ್ಸು ಹೆಚ್ಚಲಿಲ್ಲ. ಆರ್‌ಪಿ1 ಎಂಬ ಇನ್ನೊಂದು ಹರ್ಪಿಸ್ ವೈರಸ್ಸನ್ನು ಇಮ್ಯುನೋಥೆರಪಿ ಕೈಕೊಟ್ಟ 140 ಜನರಿಗೆ ನಿವೊಲುಮ್ಯಾಬ್ ಎಂಬ ಅಂಥದ್ದೇ ಔಷಧದ ಜೊತೆ ಕೊಟ್ಟಾಗ ಮೂವರಲ್ಲಿ ಒಬ್ಬರಿಗೆ ಗಡ್ಡೆ ಇಳಿಯಿತು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. 2025ರ ಜುಲೈನಲ್ಲಿ ಎಫ್‌ಡಿಎ ಆ ಪುರಾವೆ ಸಾಲದು ಅಂದಿತು. ಕಾಯುತ್ತಿದ್ದ ರೋಗಿಗಳಿಗೆ ಎಷ್ಟು ಬೇಸರ ಆಗಿರಬೇಕು!

ನಮ್ಮಲ್ಲಿ ಸಿಗುತ್ತಾ?

ನಮ್ಮ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಚಿಕಿತ್ಸೆ ಅಲ್ಲ. ಇಲ್ಲಿ ಮೊದಲು ಆಪರೇಷನ್. ಕಾಯಿಲೆ ಹರಡಿದ್ದರೆ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್‌ನಂಥ ಇಮ್ಯುನೋಥೆರಪಿ. ಗಡ್ಡೆಯಲ್ಲಿ ಬಿ-ರಾಫ್ ಎಂಬ ಜೀನಿನ ದೋಷ ಇದ್ದರೆ ಅದಕ್ಕೆ ಬೇರೆ ಮಾತ್ರೆಗಳಿವೆ. ಅಮೆರಿಕದಲ್ಲಿರುವ ನಮ್ಮವರಿಗೆ ಟಿ-ವೆಕ್ ಸಿಗುತ್ತದೆ. ಆದರೆ ಅಲ್ಲೂ ಹೆಚ್ಚಿನವರಿಗೆ ಮೊದಲು ಕೊಡುವುದು ಇಮ್ಯುನೋಥೆರಪಿಯನ್ನೇ. ಅದನ್ನು ಬಿಟ್ಟು ವೈರಸ್ಸೇ ಬೇಕು ಅಂತ ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ಸೋಂಕಿನಿಂದ ಕ್ಯಾನ್ಸರ್ ಇಳಿಸಬಹುದು ಅಂತ ಮೊದಲು ಯಾರಿಗೆ ಹೊಳೀತು?

ನ್ಯೂಯಾರ್ಕಿನ ಸರ್ಜನ್ ವಿಲಿಯಂ ಕೋಲಿ ಇದರ ಹಿಂದೆ ಬಿದ್ದು ಹೆಸರಾದವರು. ಅವರ ರೋಗಿಗಳದು ಹೆಚ್ಚಾಗಿ ಮೂಳೆ, ಮಾಂಸಖಂಡಗಳ ಕ್ಯಾನ್ಸರ್, ಚರ್ಮದ್ದಲ್ಲ. ಆದರೂ ಈ ಕಥೆ ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

1890ರಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳು ಕೈಯಲ್ಲಿ ಊತ ಅಂತ ಅವರ ಹತ್ತಿರ ಬಂದಳು. ಅದು ಸಾರ್ಕೋಮಾ, ಅಂದರೆ ಮೂಳೆ, ಮಾಂಸಖಂಡಗಳಲ್ಲಿ ಹುಟ್ಟುವ ಕ್ಯಾನ್ಸರ್. ಕೈ ತೆಗೆದರೂ ಹುಡುಗಿ ಉಳಿಯಲಿಲ್ಲ, 1891ರ ಜನವರಿಯಲ್ಲಿ ತೀರಿಕೊಂಡಳು. ಕೋಲಿ ಆಗಿನ್ನೂ ಇಪ್ಪತ್ತೊಂಬತ್ತರ ತರುಣ. ಸಹಿಸಲಾಗದೆ ಆಸ್ಪತ್ರೆಯ ಹಳೇ ಕಡತಗಳನ್ನೆಲ್ಲ ಕೆದಕಿದರು. ಅಲ್ಲಿ ಒಂದು ಕೇಸ್ ಸಿಕ್ಕಿತು. ಕುತ್ತಿಗೆಯಲ್ಲಿ ಗಡ್ಡೆ, ಎಷ್ಟು ಸಲ ಕತ್ತರಿಸಿದರೂ ಮತ್ತೆ ಬೆಳೆದಿತ್ತು. ಆಮೇಲೆ ಆ ರೋಗಿಗೆ ಎರಿಸಿಪೆಲಾಸ್ ಎಂಬ ಚರ್ಮದ ಸೋಂಕು ತಗುಲಿ, ಮೈ ಸುಡುವ ಜ್ವರ ಬಂತು. ಜ್ವರ ಇಳಿದಾಗ ಗಡ್ಡೆಯೂ ಇರಲಿಲ್ಲ. ಕೋಲಿ ಊರೆಲ್ಲ ಅಲೆದು, ಬಡವರ ಬೀದಿಗಳಲ್ಲಿ ಮನೆ ಮನೆ ವಿಚಾರಿಸಿ ಆ ಮನುಷ್ಯನನ್ನು ಪತ್ತೆ ಹಚ್ಚಿದರು. ಏಳು ವರ್ಷ ಆದ ಮೇಲೂ ಆತ ಗಟ್ಟಿಮುಟ್ಟಾಗಿದ್ದ.

ಅದೇ ವರ್ಷ ಕೋಲಿ ರೋಗಿಗಳಿಗೆ ಆ ಸೋಂಕು ತರುವ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾವನ್ನೇ ಚುಚ್ಚತೊಡಗಿದರು. ಕೆಲವರ ಗಡ್ಡೆ ಕರಗಿತು. ಕೆಲವರು ಸೋಂಕಿಗೇ ಬಲಿಯಾದರು. ಹಾಗಾಗಿ ಮುಂದೆ ಸಾಯಿಸಿದ ಬ್ಯಾಕ್ಟೀರಿಯಾಗಳ ಮಿಶ್ರಣ ಬಳಸಿದರು. ಅದಕ್ಕೆ ಕೋಲಿಯ ಟಾಕ್ಸಿನ್ ಅಂತಲೇ ಹೆಸರು ಬಂತು. ಒಬ್ಬರಿಗೆ ಹಿಡಿದದ್ದು ಇನ್ನೊಬ್ಬರಿಗೆ ಹಿಡಿಯುತ್ತಿರಲಿಲ್ಲ, ಕಾರಣವೂ ಯಾರಿಗೂ ಗೊತ್ತಿರಲಿಲ್ಲ. ರೇಡಿಯೇಷನ್ ಬಂದ ಮೇಲೆ ಜನ ಅವರನ್ನು ಮರೆತರು. ಅವರ ಮಗಳು ಹೆಲೆನ್ ಕೋಲಿ ನಾಟ್ಸ್ ಅಪ್ಪನ ಹಳೇ ಕಾಗದಗಳನ್ನು ಒಂದೊಂದೇ ಜೋಡಿಸಿ, 1953ರಲ್ಲಿ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಟ್ಟಲು ಮುಂದಾದರು. ಅಪ್ಪ ಬಿಟ್ಟು ಹೋದ ಕೆಲಸವನ್ನು ಮಗಳು ಕೈಬಿಡಲಿಲ್ಲ ಅನ್ನುವುದು ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾದ ಭಾಗ.

ಬಿಸಿಜಿ ಲಸಿಕೆಗೂ ಚರ್ಮದ ಕ್ಯಾನ್ಸರ್‌ಗೂ ಸಂಬಂಧ ಇದೆಯಾ?

ಇದೆ. ನಿಮ್ಮ ಎಡತೋಳಿನ ಮೇಲ್ಭಾಗ ನೋಡಿಕೊಳ್ಳಿ. ಬಟಾಣಿ ಕಾಳಿನಷ್ಟು ಗುಂಡಗೆ, ಸ್ವಲ್ಪ ತಗ್ಗಾಗಿ, ನುಣ್ಣಗೆ ಹೊಳೆಯುವ ಕಲೆ ಇರುತ್ತದೆ. ಹುಟ್ಟಿದಾಗ ಹಾಕಿದ ಬಿಸಿಜಿಯ ಗುರುತು ಅದು. ಕಾಲ್ಮೆಟ್ ಮತ್ತು ಗೆರಾನ್ ಎಂಬ ಇಬ್ಬರು ಫ್ರಾನ್ಸಿನಲ್ಲಿ ಹಸುವಿನ ಕ್ಷಯದ ಬ್ಯಾಕ್ಟೀರಿಯಾವನ್ನು ಆಲೂಗಡ್ಡೆ ತುಂಡುಗಳ ಮೇಲೆ, ಪಿತ್ತರಸ ಹಾಕಿ, 1908ರಿಂದ 13 ವರ್ಷ, ಸುಮಾರು 230 ಸಲ ಮತ್ತೆ ಮತ್ತೆ ಬೆಳೆಸಿ ಅದರ ಕಸುವು ಇಳಿಸಿದರು. 1921ರಲ್ಲಿ ಮೊದಲ ಮಗುವಿಗೆ ಕೊಟ್ಟರು.

ಆ ಸಣ್ಣ ಸೂಜಿಗೇ ತೋಳಿನಲ್ಲಿ ಗುಳ್ಳೆ ಎದ್ದು, ಕೀವು ಕಟ್ಟಿ, ವಾರಗಟ್ಟಲೆ ಮಾಯದೆ ಕಲೆ ಉಳಿಯುತ್ತದೆ. ಮೈ ಅಷ್ಟು ಜೋರಾಗಿ ಎದ್ದು ನಿಲ್ಲುತ್ತದೆ. ಅದನ್ನೇ ಮೆಲನೋಮಾ ಗಂಟಿಗೆ ಚುಚ್ಚಿದರೆ? ಅಮೆರಿಕದ ಸರ್ಜನ್ ಡೊನಾಲ್ಡ್ ಮಾರ್ಟನ್ 1970ರ ಹೊತ್ತಿಗೆ ಇದನ್ನು ಮಾಡಿ ತೋರಿಸಿದರು. ರೋಗನಿರೋಧಕ ಶಕ್ತಿ ಚೆನ್ನಾಗಿದ್ದವರಲ್ಲಿ ಚುಚ್ಚಿದ ಗಂಟುಗಳು ಬಹುಪಾಲು ಇಳಿದವು. ಕೆಲವರಲ್ಲಿ ಚುಚ್ಚದ ಗಂಟೂ ಇಳಿಯಿತು. ಆದರೆ ಒಳಗೆ ಹರಡಿದ ಕಾಯಿಲೆಗೆ ಅದು ಸಾಲಲಿಲ್ಲ, ಕೆಲವರಿಗೆ ವಿಪರೀತ ಪ್ರತಿಕ್ರಿಯೆಯೂ ಆಯಿತು. ಹಾಗಾಗಿ ಮೆಲನೋಮಾಗೆ ಬಿಸಿಜಿ ನಿಲ್ಲಲಿಲ್ಲ. ಮೂತ್ರಕೋಶದ ಒಳಪದರದ ಕ್ಯಾನ್ಸರ್‌ಗೆ ನಿಂತಿತು. ಅದಕ್ಕೆ ಇವತ್ತಿಗೂ ನಮ್ಮಲ್ಲೂ ಬಿಸಿಜಿ ಕೊಡುತ್ತಾರೆ.

ಚಿಕ್ಕಂದಿನಲ್ಲಿ ಬಿಸಿಜಿ ಆಗಿದೆ, ನಮಗೆ ಕ್ಯಾನ್ಸರ್ ಬರಲ್ಲ ಅಂತ ಮಾತ್ರ ತಿಳಿಯಬೇಡಿ. ದೊಡ್ಡಪ್ಪನ ತೋಳಿನಲ್ಲೂ ಆ ಕಲೆ ಇತ್ತು.

ಹೊಟ್ಟೆಯ ಬ್ಯಾಕ್ಟೀರಿಯಾ ಚರ್ಮದ ಕ್ಯಾನ್ಸರ್‌ಗೆ ಏನು ಮಾಡೀತು?

ಈ ಪ್ರಶ್ನೆ ಕೇಳಿದವರು ಮುಖ ಕಿವಿಚಿಕೊಳ್ಳುವುದೇ ಜಾಸ್ತಿ. ಯಾಕೆಂದರೆ ಇಲ್ಲಿ ಮಾತಾಡುತ್ತಿರುವುದು ಮಲದ ಬಗ್ಗೆ.

ಇಮ್ಯುನೋಥೆರಪಿ ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಹಿಡಿಯುವುದಿಲ್ಲ. 2018ರಲ್ಲಿ ಅಮೆರಿಕದ ಹ್ಯೂಸ್ಟನ್ ಮತ್ತು ಷಿಕಾಗೋ ತಂಡಗಳು ಮೆಲನೋಮಾ ರೋಗಿಗಳ ಕರುಳಿನ ಬ್ಯಾಕ್ಟೀರಿಯಾ ಲೆಕ್ಕ ಹಾಕಿದಾಗ ಈ ಎರಡು ಗುಂಪುಗಳಲ್ಲಿ ಬೇರೆ ಬೇರೆ ಬಗೆಯವು ಕಂಡವು. ಔಷಧ ಹಿಡಿದವರ ಮಲವನ್ನು ಇಲಿಗಳಿಗೆ ಕೊಟ್ಟಾಗ ಇಲಿಗಳಿಗೂ ಔಷಧ ಹಿಡಿಯಿತು!

2021ರಲ್ಲಿ ಮನುಷ್ಯರಲ್ಲೇ ನೋಡಿದರು. ಇಮ್ಯುನೋಥೆರಪಿಗೆ ಜಗ್ಗದ ಮೆಲನೋಮಾ ಇದ್ದವರಿಗೆ, ಅದೇ ಔಷಧದಿಂದ ಚೇತರಿಸಿಕೊಂಡವರ ಮಲವನ್ನು ಶುದ್ಧಮಾಡಿ ಕರುಳಿಗೆ ಸೇರಿಸಿ, ಔಷಧವನ್ನು ಮತ್ತೆ ಶುರುಮಾಡಿದರು. ಪಿಟ್ಸ್‌ಬರ್ಗ್‌ನಲ್ಲಿ 15 ಜನರಲ್ಲಿ 6 ಜನಕ್ಕೆ ಅನುಕೂಲವಾಯಿತು. ಇಸ್ರೇಲಿನಲ್ಲಿ 10 ಜನರಲ್ಲಿ 3 ಜನಕ್ಕೆ. 2023ರಲ್ಲಿ ಕೆನಡಾದಲ್ಲಿ ಆರೋಗ್ಯವಂತರ ಮಲವನ್ನು ಚಿಕಿತ್ಸೆಯ ಮೊದಲಲ್ಲೇ 20 ಜನರಿಗೆ ಕೊಟ್ಟರು, 13 ಜನರ ಗಡ್ಡೆ ಕುಗ್ಗಿತು. ಎಲ್ಲವೂ ಸಣ್ಣ ಸಣ್ಣ ಪರೀಕ್ಷೆಗಳು. ಆದರೂ ಕೈಬಿಟ್ಟುಹೋದ ಔಷಧ ಮತ್ತೆ ಕೈಹಿಡಿದದ್ದು ಸಣ್ಣ ಮಾತಲ್ಲ. ಕೊಡುವವರ ರಕ್ತ, ಮಲ ಎರಡನ್ನೂ ಹತ್ತಾರು ಸೋಂಕುಗಳಿಗೆ ತಪಾಸಣೆ ಮಾಡಿಯೇ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಮಾಡಿಕೊಳ್ಳುವ ಕೆಲಸ ಇದಲ್ಲವೇ ಅಲ್ಲ.

ಹಾಗಾದ್ರೆ ಮೊಸರು, ಪ್ರೋಬಯಾಟಿಕ್ ಗುಳಿಗೆ ಜಾಸ್ತಿ ತಗೊಂಡ್ರೆ?

ಮೊಸರನ್ನ ಧಾರಾಳವಾಗಿ ಉಣ್ಣಿ, ಅದು ಊಟ. ಜೀವಂತ ಬ್ಯಾಕ್ಟೀರಿಯಾ ತುಂಬಿದ ಅಂಗಡಿಯ ಪ್ರೋಬಯಾಟಿಕ್ ಗುಳಿಗೆ ಬೇರೆ ವಿಷಯ. 2021ರಲ್ಲಿ ಹ್ಯೂಸ್ಟನ್ ತಂಡ ನೋಡಿದಾಗ ಗುಳಿಗೆಯಿಂದ ಲಾಭ ಕಾಣಲಿಲ್ಲ. ಇಲಿಗಳಲ್ಲಿ ಇಮ್ಯುನೋಥೆರಪಿಯ ಪರಿಣಾಮವೇ ಕುಗ್ಗಿತು. ನಾರಿನ ಅಂಶ ಜಾಸ್ತಿ ತಿನ್ನುತ್ತಿದ್ದ ರೋಗಿಗಳು ಮಾತ್ರ ಕಾಯಿಲೆ ಉಲ್ಬಣಿಸದೆ ಹೆಚ್ಚು ಕಾಲ ಇದ್ದರು. ನಾರು ಅಂದರೆ ನಮಗೆ ಹೊಸದೇನಲ್ಲ. ರಾಗಿ ಮುದ್ದೆ, ಹುರುಳಿ, ಅವರೆಕಾಳು, ಸೊಪ್ಪಿನ ಸಾರು. ಇದು ಚಿಕಿತ್ಸೆಯ ಜೊತೆಗೆ, ಚಿಕಿತ್ಸೆಯ ಬದಲಿಗೆ ಅಲ್ಲ.

ಚರ್ಮದ ಮೇಲೇ ಇರುವ ಬ್ಯಾಕ್ಟೀರಿಯಾ?

ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ಎಂಬುದು ನಮ್ಮೆಲ್ಲರ ಚರ್ಮದ ಮೇಲೆ ತಣ್ಣಗೆ ಕೂತಿರುವ ಬ್ಯಾಕ್ಟೀರಿಯಾ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎರಿನ್ ಚೆನ್, ಮೈಕೆಲ್ ಫಿಷ್‌ಬಾಕ್ ತಂಡ ಮೆಲನೋಮಾದ ಗುರುತನ್ನು ಈ ಬ್ಯಾಕ್ಟೀರಿಯಾದೊಳಗೆ ಸೇರಿಸಿತು. ಹತ್ತಿ ಸುತ್ತಿದ ಕಡ್ಡಿಯನ್ನು ಅದರಲ್ಲಿ ಅದ್ದಿ ಇಲಿಯ ತಲೆಗೆ ಮೆಲ್ಲಗೆ ಸವರಿದರು, ಅಷ್ಟೇ. ಗಾಯವಿಲ್ಲ, ಸೂಜಿಯಿಲ್ಲ. ಇಲಿಯ ರೋಗನಿರೋಧಕ ಪಡೆಯ ಟಿ-ಕೋಶಗಳು ಎದ್ದು, ಮೈಯ ಬೇರೆ ಕಡೆ ಇದ್ದ ಮೆಲನೋಮಾ ಗಡ್ಡೆಯ ಮೇಲೆ ಬಿದ್ದವು. 2023ರಲ್ಲಿ ಇದು ಪ್ರಕಟವಾದಾಗ ನಾನು ಎರಡು ಸಲ ಓದಿದೆ. ಆದರೆ ಇದು ಇಲಿಗಳಲ್ಲಿ ಆದದ್ದು. ಇಲಿಯಲ್ಲಿ ಗೆದ್ದದ್ದೆಲ್ಲ ಮನುಷ್ಯರಲ್ಲಿ ಗೆಲ್ಲುವುದಿಲ್ಲ.

ಸೋತ ಉದಾಹರಣೆ ಇದೆಯಾ?

ಇದೆ. ಬಲ ಕುಗ್ಗಿಸಿದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇಲಿಗಳಲ್ಲಿ ಗಡ್ಡೆಯನ್ನು ಸೊಗಸಾಗಿ ಕರಗಿಸಿತ್ತು. 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 25 ರೋಗಿಗಳ ರಕ್ತಕ್ಕೆ ಕೊಟ್ಟರು. ಬಹುತೇಕ ಎಲ್ಲರೂ ಮೆಲನೋಮಾ ಇದ್ದವರು. ಒಬ್ಬರ ಗಡ್ಡೆಯೂ ಇಳಿಯಲಿಲ್ಲ.

ಲಾಟ್ವಿಯಾ ದೇಶದ ರಿಗ್ವಿರ್ ಎಂಬ ವೈರಸ್ ಔಷಧದ ಕಥೆ ಇನ್ನೂ ಬೇಸರದ್ದು. ಎಕೋ-7 ಎಂಬ ವೈರಸ್ಸನ್ನು 2004ರಲ್ಲಿ ಆ ದೇಶ ಮೆಲನೋಮಾಗೆ ನೋಂದಾಯಿಸಿತ್ತು. ಹೊರದೇಶಗಳಿಂದಲೂ ರೋಗಿಗಳು ದುಡ್ಡು ಹೊಂದಿಸಿಕೊಂಡು ಹೋಗುತ್ತಿದ್ದರು. 2019ರಲ್ಲಿ ಸೀಸೆಗಳನ್ನು ಪರೀಕ್ಷಿಸಿದಾಗ ಹೇಳಿದ್ದಕ್ಕಿಂತ ತೀರಾ ಕಡಿಮೆ ವೈರಸ್ ಇತ್ತು. ಮಾರಾಟ ನಿಂತಿತು. ಯಾರಾದರೂ ಹೊರದೇಶದ ವೈರಸ್ ಚಿಕಿತ್ಸೆಗೆ ಮುಂಗಡ ಕೇಳಿದರೆ ದಯವಿಟ್ಟು ಇದನ್ನು ನೆನಪಿಸಿಕೊಳ್ಳಿ.

ಕಪ್ಪು ಚರ್ಮದ ನಮಗೆ ಚರ್ಮದ ಕ್ಯಾನ್ಸರ್ ಬರುತ್ತಾ?

ಬಿಳಿಯರಿಗಿಂತ ತೀರಾ ಕಡಿಮೆ, ಆದರೆ ಬರುತ್ತದೆ. ನಮ್ಮಂಥವರಲ್ಲಿ ಮೆಲನೋಮಾ ಜಾಸ್ತಿ ಕಾಣಿಸಿಕೊಳ್ಳುವುದು ಬಿಸಿಲು ಬೀಳದ ಕಡೆ. ಅಂಗಾಲು, ಅಂಗೈ, ಉಗುರಿನ ಅಡಿ. ಗಾಯಕ ಬಾಬ್ ಮಾರ್ಲಿಗೆ ಆದದ್ದು ಕಾಲ್ಬೆರಳಿನ ಉಗುರಿನಡಿ. 1981ರಲ್ಲಿ, 36ನೇ ವಯಸ್ಸಿಗೇ ತೀರಿಕೊಂಡರು. ಮೆಲನೋಮಾ ಅಲ್ಲದ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಕೂಡ ನಮ್ಮ ದೇಶದಲ್ಲಿದೆ. ಸೀರೆಯ ಲಂಗದ ಲಾಡಿ, ಪಂಚೆಯ ಗಂಟು ವರ್ಷಗಟ್ಟಲೆ ಬಿಗಿದು ಉಜ್ಜಿದ ಸೊಂಟದ ಜಾಗದಲ್ಲಿ ಮಾಯದ ಹುಣ್ಣಾಗಿ, ಕೆಲವರಿಗೆ ಅದೇ ಕ್ಯಾನ್ಸರ್ ಆಗುತ್ತದೆ.

ದೊಡ್ಡಪ್ಪ ಬರಿಗಾಲಲ್ಲಿ ಗದ್ದೆಗೆ ಇಳಿಯುತ್ತಿದ್ದವರು. ಹಿಮ್ಮಡಿಯ ಕಪ್ಪು ಚುಕ್ಕೆಯನ್ನು ಆಣಿ ಅಂದುಕೊಂಡರು. ಬ್ಲೇಡಿನಲ್ಲಿ ಹೆರೆದರು, ಸೊಪ್ಪು ಅರೆದು ಕಟ್ಟಿದರು. ಅಂಚು ಒಂದು ಕಡೆ ಹರಡುತ್ತಾ, ಒಂದೆಡೆ ಇದ್ದಿಲಿನಂತೆ, ಇನ್ನೊಂದೆಡೆ ಕಂದಾಗಿ, ಜಿನುಗತೊಡಗಿತು. ಒಂದು ಸಣ್ಣ ಕ್ಲಿನಿಕ್‌ನಲ್ಲಿ ಕತ್ತರಿಸಿ ತೆಗೆದರು. ಆ ತುಂಡನ್ನು ಪರೀಕ್ಷೆಗೆ ಕಳಿಸದೆ ಎಸೆದರು. ಎರಡು ವರ್ಷದ ಮೇಲೆ ತೊಡೆ ಸಂದಿಯಲ್ಲಿ ಗಡ್ಡೆ ಎದ್ದಾಗಲೇ ನಮಗೆ ಮೆಲನೋಮಾ ಎಂಬ ಹೆಸರು ಕೇಳಿದ್ದು.

ಅನುಮಾನ ಬಂದರೆ ಯಾರ ಹತ್ತಿರ ಹೋಗಬೇಕು?

ಮೊದಲು ಚರ್ಮದ ಡಾಕ್ಟರ್. ಬೆಳೆಯುತ್ತಿರುವ, ಬಣ್ಣ ಬದಲಾದ, ರಕ್ತ ಬರುವ ಮಚ್ಚೆ ಇರಲಿ, ಹೊಡೆತ ಬೀಳದೆಯೂ ಉಗುರಿನಲ್ಲಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆ ಇರಲಿ, ತಿಂಗಳುಗಟ್ಟಲೆ ಮಾಯದ ಹುಣ್ಣಿರಲಿ, ತೋರಿಸಿ. ಹೋದಾಗ ಚಪ್ಪಲಿ, ಕಾಲುಚೀಲ ಬಿಚ್ಚಿ ಅಂಗಾಲನ್ನೂ ನೋಡಿ ಅನ್ನಿ, ನಾಚಿಕೊಳ್ಳಬೇಡಿ. ಕ್ಯಾನ್ಸರ್ ಅಂತ ಆದರೆ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. ಎಲ್ಲೇ ಕತ್ತರಿಸಿದರೂ, ಎಷ್ಟೇ ಸಣ್ಣದಿದ್ದರೂ, ಆ ತುಂಡು ಬಯಾಪ್ಸಿಗೆ ಹೋಯಿತಾ ಅಂತ ಬಾಯಿಬಿಟ್ಟು ಕೇಳಿ, ರಿಪೋರ್ಟ್ ಕೈಗೆ ಬರುವವರೆಗೂ ಬಿಡಬೇಡಿ.